ಕರಡಚ್ಚು

ಗದುಗಿನ ಈ ಸಂದಿಗೆ ಬೆಳಕು
ಮೂರೂವರೆಗೆ ಬರುತ್ತದೆ, ನಾಲ್ಕೂಕಾಲಿಗೆ ಹೋಗುತ್ತದೆ.
ಬಿಸಿಲಲ್ಲ ಅದು.
ಎದುರಿನ ಕಾಳಿನ ಅಂಗಡಿಯ ಸುಣ್ಣದ ಗೋಡೆಗೆ ಬಡಿದು,
ಸಿಟ್ಟೆಲ್ಲ ಅಲ್ಲೇ ಬಿಟ್ಟು,
ಪ್ರೆಸ್ಸಿನ ಬಡಗಣ ಕಿಟಕಿಯೊಳಕ್ಕೆ
ತಿಳಿಮಜ್ಜಿಗೆಯಂತೆ ಇಳಿಯುವಂಥದ್ದು.

ಅದಕ್ಕೇ ಮೂರು ದಿನ ಕಾದೆ.
ಮೊದಲ ದಿನ ಮೋಡ.
ಎರಡನೆಯ ದಿನ ಕಿಟಕಿಗಡ್ಡ
ಲಗ್ನಪತ್ರಿಕೆಯ ರಟ್ಟಿನ ಡಬ್ಬಿಗಳು.

ನನ್ನದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ
ಚೌಕಾಸಿ ಮಾಡಿ ಕೊಂಡ ಯಾಶಿಕಾ.
ಎರಡು ಕಣ್ಣು: ಒಂದು ನೋಡಲಿಕ್ಕೆ, ಒಂದು ನೆನಪಿಡಲಿಕ್ಕೆ.
ಮೀಟರಿನ ಮುಳ್ಳು ಸತ್ತು ಎಷ್ಟು ಕಾಲವಾಯಿತೋ,
ಬೆಳಕನ್ನು ನಾನೇ ಅಂಗೈ ಮೇಲೆ ತೂಗಬೇಕು.
ಮತ್ತೆ, ಇದರೊಳಗೆ ನೋಡಬೇಕೆಂದರೆ
ಎದುರಿಗಿದ್ದವರಿಗೆ ತಲೆ ಬಾಗಲೇಬೇಕು.

ಎದುರಿಗಿದ್ದವರು ದಾವಲಸಾಬರು, ಕಂಪೋಜಿಟರು.
ನಲವತ್ತೊಂದು ವರ್ಷ ಸೀಸದ ಮೊಳೆ ಹೆಕ್ಕಿದ ಬೆರಳು.
ಈಗ ಒಳಕೋಣೆಯಲ್ಲಿ ಕಂಪ್ಯೂಟರು.
ಇವರು ಬರುವುದು ಕೇಸುಗಳ ಧೂಳು ಒರೆಸಲಿಕ್ಕೆ,
ಚಹಾ ಕುಡಿಯಲಿಕ್ಕೆ.
ಸ್ಟೂಲಿನ ಮೇಲೆ ಕೂತರು, ಕೊರಳ ಗುಂಡಿ ಹಾಕಿ,
ಗದ್ದ ಎತ್ತಿ, ಉಸಿರು ಹಿಡಿದು,
ಪಿಂಚಣಿ ಪುಸ್ತಕಕ್ಕೆ ಕೂತಂತೆ.

"ಸಡ್ಲ ಬಿಡ್ರಿ ಸಾಬ್ರ."
"ಬಿಟ್ಟೇನಲ್ಲ" ಅಂದರು, ಇನ್ನಷ್ಟು ಬಿಗಿಯಾಗಿ.

ಒಂದು. ಎರಡು. ಐದು. ಹತ್ತು ಚೌಕ ಹೋದವು.
ಸುರುಳಿಯಲ್ಲಿ ಇರುವುದೇ ಹನ್ನೆರಡು.
ಎಡಗೆನ್ನೆ ಕತ್ತಲಾಯಿತೆಂದು ಗೊಣಗಿದೆ.
ಅವರೇ ಎದ್ದು ಒಂದು ಡೆಮಿ ಹಾಳೆ ಎಳೆದು
ಕತ್ತಲ ಬದಿಗೆ ನಿಲ್ಲಿಸಿದರು:
"ಕರೆಂಟ್ ಹೋದಾಗ ಮೊಳಿಗೆ ಹಿಂಗ ಬೆಳಕ ಕೊಡತಿದ್ವಿ."
ಕೆನ್ನೆಯ ಒಂದೊಂದೇ ಗೆರೆ ಎದ್ದು ನಿಂತಿತು.
ಗದ್ದ ಮಾತ್ರ ಇಳಿಯಲಿಲ್ಲ. ಹನ್ನೊಂದು.

"ಅದರಾಗ ಏನ ಕಾಣತೈತಿ? ತೋರ್ಸು."
ಕೊಟ್ಟೆ. ಬಗ್ಗಿದರು. ಹಾಲುಗಾಜಿನ ಮೇಲೆ ನಾನು.
"ಎಡಕ್ಕಿದ್ದ ಮೂಗಬಟ್ಟು ಬಲಕ್ಕ ಹೋಗೇತಲ್ಲ!"
"ಇದರಾಗ ಎಲ್ಲಾ ಉಲ್ಟಾರಿ."
ನಕ್ಕರು ದಾವಲಸಾಬರು, ಮೊದಲ ಸಲ,
ಹಲ್ಲಿಲ್ಲದ ಜಾಗವೂ ಕಾಣುವ ಹಾಗೆ:
"ಉಲ್ಟಾ ನಿನಗವಾ. ನಾ ಜಲ್ಮ ಪೂರ್ತಿ ಓದಿದ್ದು ಇದನ್ನ."

ಆ ನಗೆ ನನಗೆ ಸಿಗಲಿಲ್ಲ.
ಕ್ಯಾಮೆರಾ ಅವರ ಕೈಯಲ್ಲಿತ್ತು.

"ಹೆಸರ ಏನಂದಿ?"
"ನೀಲಗಂಗಾ."
ಕೇಸಿನ ಕಡೆ ತಿರುಗಿದರು. ದಾರಿ ಗೊತ್ತಿದ್ದ ಕೈ
ಕಣ್ಣಿಗೆ ಕಾಯದೆ ನಡೆಯಿತು.
'ನೀ' ಸಿಕ್ಕಿತು. 'ಲ'ದ ಮನೆ ಖಾಲಿ.
ಪಕ್ಕದ ಮನೆ ಹುಡುಕಿ, ಕೆಳಗಿನ ಮನೆ ಹುಡುಕಿ,
ಎಲ್ಲೋ ಒಕ್ಕಲಿದ್ದ ಒಂದನ್ನು ಎಬ್ಬಿಸಿ ತಂದು,
ಹೌದೋ ಅಲ್ಲೋ ಎಂದು
ಚಿಮಟಿಯಷ್ಟು ಸೀಸವನ್ನು ಕಿಟಕಿಗೆ ಎತ್ತಿ ಹಿಡಿದು
ಒಂದು ಕಣ್ಣು ಕಿರಿದು ಮಾಡಿದರು.

ಬಾಗಿದೆ.
ಸೆಕೆಂಡಿನ ಮೂವತ್ತನೆಯ ಪಾಲು, ಮಸೂರ ಪೂರ್ತಿ ತೆರೆದು.
ಈ ಸಲ ಉಸಿರು ಹಿಡಿದವಳು ನಾನು.
ಜೋಳದ ಕಾಳೊಂದು ನೆಲಕ್ಕೆ ಬಿದ್ದಷ್ಟು ಸಪ್ಪಳ.
ಅವರಿಗೆ ಕೇಳಲಿಲ್ಲ.

ಸ್ಟಿಕ್ಕಿನಲ್ಲಿ ನಿಂತದ್ದು 'ನೀಲ' ಮಾತ್ರ.
ಅಷ್ಟರಲ್ಲಿ ಚಹಾ ಬಂತು.

ಬಚ್ಚಲ ಕತ್ತಲಲ್ಲಿ ತೊಳೆದು, ಹಗ್ಗಕ್ಕೆ ಒಣಗಿಸಿ,
ಮುಂದಿನ ವಾರ ಒಯ್ದೆ.
ಪ್ರಿಂಟನ್ನು ಪಕ್ಕಕ್ಕಿಟ್ಟು ನೆಗೆಟಿವ್ ಬೇಡಿದರು.
ಅದೇ ಕಿಟಕಿ, ಅದೇ ಹೊತ್ತು.
ಬಿಳಿ ಗಡ್ಡ ಕರ್ರಗೆ, ಮಸಿ ಕುಡಿದ ಬೆರಳು ಬೆಳ್ಳಗೆ,
ಎತ್ತಿದ ಅಕ್ಷರದ ಸುತ್ತ ಕತ್ತಲಾಗಿ ಹೊಳೆವ ಬೆಳಕು.
ಒಮ್ಮೆ ಮಗುಚಿ ಹಿಡಿದು
ಮೇಲಿಂದ ಕೆಳಗೆ, ತುಟಿ ಅಲುಗಿಸುತ್ತ ಓದಿದರು,
ಯಾರದೋ ಲಗ್ನದ ಕರಡು ಓದಿದಂತೆ.

"ಒಂದ ತಪ್ಪ ಉಳದೈತಿ."

ಕೊರಳ ಗುಂಡಿ. ಯಾವಾಗ ಬಿಚ್ಚಿತ್ತೋ.
ಕಿವಿಯ ಮೇಲಿನ ಪೆನ್ಸಿಲ್ಲಿಗೆ ಕೈ ಹೋಯಿತು,
ಅರ್ಧದಲ್ಲಿ ನಿಂತಿತು.

"ಇರ್ಲಿ ಬಿಡು. ಅಚ್ಚಿಗೆ ಹಾಕು."