ಮುಚ್ಚದ ಗೇಟು

ಸಭಾಪಾಲಕರು ಓದುತ್ತಿದ್ದರು:
ಆ ಪಟ್ಟಣಕ್ಕೆ ಹನ್ನೆರಡು ಬಾಗಿಲು,
ಒಂದೊಂದೂ ಒಂದೊಂದು ಮುತ್ತು,
ಹಗಲು ಮುಚ್ಚುವುದಿಲ್ಲ, ರಾತ್ರಿ ಎಂಬುದಿಲ್ಲ,
ಬಾಗಿಲಿಗೊಬ್ಬ ದೇವದೂತ.

ಬೆಟಗೇರಿ ಚರ್ಚಿನ ಕೊನೆಯ ಬೆಂಚಿನಲ್ಲಿ
ನೈಟ್ ಡ್ಯೂಟಿ ಮುಗಿಸಿ ನೆಟ್ಟಗೆ ಬಂದ ನಮ್ಮಪ್ಪ,
ದೇವದಾನಪ್ಪ ಹೊಂಬಳ, ಗೇಟ್‌ಮನ್,
ತೂಕಡಿಸುತ್ತಿದ್ದವನು ಕಣ್ಣು ತೆರೆದ.
ನನ್ನ ಕಿವಿಯಲ್ಲಿ ಕೇಳಿದ:
"ಮುಚ್ಚೂದ ಇಲ್ಲಂದ್ರ ಅಲ್ಲಿ ಮಂದಿ ಯಾಕ ಬೇಕವ್ವಾ?
ಹನ್ನೆರಡು ಮಂದಿ ಪಗಾರ ದಂಡ."

ನನಗಾಗ ಒಂಬತ್ತು ವರ್ಷ. ನಕ್ಕೆ.
ಅವ್ವ ತೊಡೆ ಚಿವುಟಿದಳು.

ಸ್ವರ್ಗ ಅಂದರೆ ಅವ್ವನಿಗೆ ನೀರು.
ಬೀದಿಯ ನಡುವೆ ನದಿ ಹರಿಯುವ ಮಾತು ಬಂದಾಗಲೆಲ್ಲ
ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದಳು.
ಹತ್ತು ದಿನಕ್ಕೊಮ್ಮೆ, ಅದೂ ನಡುರಾತ್ರಿ,
ವಾಲ್ವ್‌ಮನ್ ಮನಸ್ಸು ಮಾಡಿದರೆ
ನಳ ಕೆಮ್ಮುವ ಊರು ನಮ್ಮದು.
ಬಂಗಾರದ ರಸ್ತೆಯ ಬಗ್ಗೆ ಅವಳಿಗೆ ಅನುಮಾನ:
"ತೊಳದ್ರ ಜಾರತೈತಿ, ಮುದುಕ್ಯಾರು ಬೀಳ್ತಾರ."
ಸಮುದ್ರ ಇರುವುದಿಲ್ಲ ಎಂದದ್ದಕ್ಕೆ
ಬೆಟಗೇರಿಯಲ್ಲಿ ಯಾರೂ ಅತ್ತ ನೆನಪಿಲ್ಲ.

ಅಪ್ಪನಿಗೆ ಮಾತ್ರ ಗೇಟು.

ಹುಲಕೋಟಿ ಕಡೆಯ ಎರೆಹೊಲಗಳ ನಡುವೆ
ತಗಡಿನ ಗುಮಟಿ, ಹಸಿರು ಕೆಂಪು ಎರಡು ಬಾವುಟ,
ಗೋಡೆಗೆ ಕಿವಿಯಂತೆ ಅಂಟಿದ ಫೋನು.
ಇಪ್ಪತ್ತೆಂಟು ವರ್ಷ ಹ್ಯಾಂಡಲ್ ತಿರುವಿದ ಬಲಗೈ
ಎಡಗೈಗಿಂತ ದಪ್ಪ.
ಗೇಟು ಎತ್ತಿದಾಗ ಯಾರೂ ಅವನತ್ತ ನೋಡಲಿಲ್ಲ.
ಇಳಿಸಿದಾಗ ಎಲ್ಲರಿಗೂ
ಅವನ ತಾಯಿಯ ಪರಿಚಯವಿತ್ತು.

ಆ ರಾತ್ರಿಯದನ್ನು ಹೇಳಿದ್ದು ಬಹಳ ತಡವಾಗಿ,
ಪೆನ್ಶನ್ ಆದಮೇಲೆ, ಹಲ್ಲು ಕೀಳಿಸಿಕೊಂಡು ಬಂದ ದಿನ,
ಬಾಯಲ್ಲಿ ಅರಳೆ ಕಚ್ಚಿಕೊಂಡೇ:

ಸಿಗ್ನಲ್ ಕೊಟ್ಟಾಗಿತ್ತು. ಕೀಲಿ ಬಿದ್ದಾಗಿತ್ತು.
ಅದಿರು ಹೇರಿದ ಗೂಡ್ಸು, ನಿಧಾನಕ್ಕೇ ಹುಟ್ಟಿದ್ದು.
ಆಚೆ ಒಂದು ಟಂಟಂ, ಒಳಗೆ ದಿನ ತುಂಬಿದ ಹೆಂಗಸು.
ಅವಳ ಅವ್ವನೋ ಅತ್ತೆಯೋ ಕಂಬ ಹಿಡಿದು
"ಯಣ್ಣಾ, ತೆಗಿಯೋ" ಎಂದಳು. ಬೈಯಲಿಲ್ಲ.
ಬೈದಿದ್ದರೆ ಮರೆಯುತ್ತಿದ್ದೆ, ಎಂದ ಅಪ್ಪ.
ಐವತ್ತೆಂಟು ಡಬ್ಬಿ ಎಣಿಸಿದ.
ಗೇಟು ಎತ್ತುವಾಗ ಒಳಗಿನ ದನಿ ನಿಂತಿತ್ತು.
ಟಂಟಂ ಹೋಯಿತು. ಹಿಂದೆ ಒಂದೇ ಕೆಂಪು ದೀಪ ಉರಿಯುತ್ತಿತ್ತು.
ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ.

ಅಂದಿನಿಂದ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ
ಪರರ ಮಕ್ಕಳನ್ನು ನಿಂತು ನೋಡುವ ಚಾಳಿ:
ಈ ವರ್ಷ ಒಂದನೇ ಇಯತ್ತೆ ಇರಬೇಕು,
ಈ ವರ್ಷ ಮೀಸೆ ಚಿಗುರಿರಬೇಕು,
ಇಲ್ಲಾ, ಲಗ್ನದ ಮಾತು ನಡೆದಿರಬೇಕು.

"ಅಲ್ಲಿ ಹೋದಕೂಡ್ಲೆ ಮೊದಲ ಆ ಕೂಸು ಹುಡುಕ್ತೀನಿ.
ಇದ್ರ ಕಾಲಿಗೆ ಬೀಳ್ತೀನಿ."
ಅರಳೆ ತೆಗೆದ, ರಕ್ತ ನೋಡಿದ, ಮಡಿಚಿಟ್ಟ.
"ಇರ್ಲಿಲ್ಲಂದ್ರ ಇನ್ನೂ ಚಲೋ."

ದೇವರು ಅಲ್ಲಿ ತಾನೇ ಕಣ್ಣೀರು ಒರೆಸುತ್ತಾನಂತೆ.
ಅಂದರೆ ಕಣ್ಣೀರನ್ನು ಒಳಗೆ ಬಿಡುತ್ತಾರೆ,
ಚೆಕಿಂಗ್ ಇಲ್ಲ. ಇದು ನನ್ನ ಲೆಕ್ಕ.
ಮೊಳೆ ಹೊಡೆಸಿಕೊಂಡವನು ಎದ್ದು ಬಂದಮೇಲೂ
ಅಂಗೈ ತೂತು ಹಾಗೇ ಇದ್ದವಂತೆ.
ಅಪ್ಪನ ಬಲಗೈ ದಪ್ಪವೇ ಇರಲಿ,
ಇಲ್ಲವಾದರೆ ನಾನು ಗುರುತಿಸುವುದು ಹೇಗೆ?

ಗುಡ್ ಫ್ರೈಡೇ ಹಿಂದಿನ ಬುಧವಾರ ಹೋದ.
ಮಂಗಳವಾರ ನನ್ನನ್ನು ಕರೆದು,
ನಲವತ್ತು ವರ್ಷದ ಹಿಂದಿನ ಬೆಂಚಿನಿಂದಲೇ ಎಂಬಂತೆ,
"ಆ ಹನ್ನೆರಡು ಮಂದಿ ಯಾಕಂತ ತಿಳೀತು ನೋಡು.
ಬಾಗಲಾ ತೆರೆದಿದ್ರೂ ಮಂದಿ ಹೊರಗ ನಿಂತಿರ್ತಾರ. ರೂಢಿ.
ಯಾರರ ಬರ್ರಿ ಅನ್ನಬೇಕಲ್ಲ."

ಈಗ ಅಲ್ಲಿ ಗೇಟಿಲ್ಲ. ಕೆಳಸೇತುವೆ.
ಮಳೆ ಬಿದ್ದರೆ ಕೆಂಪು ನೀರು ತುಂಬುತ್ತದೆ,
ಎರಡೂ ದಂಡೆಗೆ ಗಾಡಿ ನಿಲ್ಲುತ್ತವೆ,
ಎಲ್ಲರೂ ಆಳ ಅಳೆಯುತ್ತಾ ಸುಮ್ಮನೆ.
ಮೊನ್ನೆ ನಾನೂ ನಿಂತಿದ್ದೆ.
ನಡುನೀರಿನಲ್ಲಿ ಯಾರೋ ಬೈಕು ತಳ್ಳುತ್ತಾ,
ಮುಖ ಕಾಣಲಿಲ್ಲ, ಕೈ ಎತ್ತಿ ಕೂಗಿದರು:
"ಬರ್ರೀ, ಬರ್ರೀ, ಮೊಣಕಾಲಮಟಾನೂ ಇಲ್ಲ!"

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ.