ಎರಡನೇ ಗೇರಿನಲ್ಲಿ

ಕೆರಿಂಬೆಕ್ ಅಜ್ಜ ಲಾರಿ ನಿಲ್ಲಿಸಿ ಇಳಿದವನೇ
ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದ:
"ಇದಕ್ಕೂ ನನ್ನ ವಯಸ್ಸು ಬಂತು ಕಣೋ, ಮಿರ್ಲಾನ್.
ಬಯಲಲ್ಲಿ ಓಡುತ್ತೆ. ದೊಲೋನ್ ಘಟ್ಟದ ಏರು ಕಂಡರೆ
ಎರಡನೇ ಗೇರಿಗೆ ಬಿದ್ದು ಏದುಸಿರು.
ನಿನ್ನೆ ಒಂದು ಕತ್ತೆ ನಮ್ಮನ್ನು ಹಿಂದೆ ಹಾಕಿತು.
ಮೇಲೆ ಕೂತವನು ಸಲಾಂ ಬೇರೆ ಮಾಡಿದ."

ಗಾಜ್ ಐವತ್ತಮೂರು. ನೀಲಿ ಕ್ಯಾಬಿನ್ನು, ಎಂಟು ಸಿಲಿಂಡರು,
ತಯಾರಿಸಿದ ದೇಶವೇ ಈಗ ನಕ್ಷೆಯಲ್ಲಿಲ್ಲ.
ಹುಲ್ಲು ಹೇರುತ್ತೆ, ಕಲ್ಲಿದ್ದಲು ಹೇರುತ್ತೆ,
ಮದುವೆಯ ದಿನ ನೆಂಟರನ್ನೂ.
ಪಕ್ಕದ ಸೀಟಿನಲ್ಲಿ ಮೊಮ್ಮಗಳು ನುರ್ಜಾತ್, ಹತ್ತು ವರ್ಷ,
ಇಳಿಯದೆ ಕೂತಿದ್ದಳು.

ಎತ್ತರದಲ್ಲಿ ಗಾಳಿ ತೆಳು ಅಜ್ಜ, ಅಂದೆ.
"ಹುಟ್ಟಿದಾಗಿಂದ ಇದು ಕುಡಿದಿರುವುದೇ ಆ ಗಾಳಿ," ಅಂದ.

ಸರಿ. ಪ್ಲಗ್ಗು ಎಂಟನ್ನೂ ಬಿಚ್ಚಿ
ಚಿಂದಿಯ ಮೇಲೆ ಸಾಲಾಗಿಟ್ಟೆ:
ಮಸಿಯಿಲ್ಲ, ಸುಣ್ಣದ ಬಿಳುಪಿಲ್ಲ,
ಹದವಾಗಿ ಬೆಂದ ರೊಟ್ಟಿಯ ಬಣ್ಣ.
ಪಾಯಿಂಟಿನ ಸಂದಿಗೆ ಗೇಜು ತೂರಿಸಿದೆ,
ಎಷ್ಟು ಬೇಕೋ ಅಷ್ಟೇ ಬಿಗಿ.
ಕಂಪ್ರೆಶನ್ನು ಅಳೆದೆ. ಏಳನೆಯದು ತುಸು ಸೋಮಾರಿ,
ಅದು ಮೊದಲಿಂದಲೂ ಹಾಗೇ.
ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿಗೊಟ್ಟೆ,
ಉಸಿರು ಕಟ್ಟಿದ ಟ್ಯಾಂಕು ಹುಸ್ ಅನ್ನುತ್ತೆ.
ಅನ್ನಲಿಲ್ಲ.
ಪಂಪಿನ ಪೈಪು ಕಳಚಿ ವೋಡ್ಕಾ ಬಾಟಲಿಗೆ ಬಿಟ್ಟೆ,
ಗುಟುಕು ಗುಟುಕಾಗಿ ತಪ್ಪದೆ ಬಂತು ಪೆಟ್ರೋಲು.

ಕಾರ್ಬ್ಯುರೇಟರಿನ ಬಟ್ಟಲಲ್ಲಿ ಚಿಟಿಕೆ ಕೆಸರು.
ಇದೇ, ಸಿಕ್ಕಿತು ಕಳ್ಳ, ಎಂದು ಹಿಗ್ಗಿ
ಜೆಟ್ಟುಗಳನ್ನು ಊದಿ ಬಿಸಿಲಿಗೆ ಹಿಡಿದೆ:
ಒಂದೊಂದರ ತೂತಿನಲ್ಲೂ ಒಂದೊಂದು ಪುಟ್ಟ ಸೂರ್ಯ.
ಎಲ್ಲ ಜೋಡಿಸಿ, ಬಾನೆಟ್ಟಿನೊಳಗೆ ಬಾಗಿ
ಕೈಯಲ್ಲೇ ಥ್ರಾಟಲ್ ಎಳೆದರೆ
ಆ ಗರ್ಜನೆಗೆ ನಾಯಿ ಓಡಿಹೋಗಿ ಒಲೆಯ ಹಿಂದೆ ಕೂತಿತು.

ಏರಿಗೆ ಒಯ್ದೆವು.
ಎರಡನೇ ಗೇರು. ಏದುಸಿರು.
ಅಜ್ಜ ಏನೂ ಹೇಳಲಿಲ್ಲ, ನನ್ನ ಮಾನ ಉಳಿಯಿತು.

ಸಂಜೆ ಚಹಾ ಮುಗಿಸುವಾಗ ಹೊಳೆಯಿತು:
ಇಡೀ ದಿನ ಇಂಜಿನ್ನನ್ನು ಕೂಗಿಸಿದ್ದು ನನ್ನ ಕೈ.
ಘಟ್ಟ ಹತ್ತುವುದು ಅಜ್ಜನ ಕಾಲು.
"ನುರ್ಜಾತ್, ಪೆಡಲು ಒತ್ತಮ್ಮ, ಪೂರ್ತಿ."
ಅವಳು ಒತ್ತಲಿಲ್ಲ. ಬೂಟಿನ ತುದಿ ನೋಡಿದಳು.
ಅಜ್ಜನೇ ಹತ್ತಿ ಒತ್ತಿದ, "ಇಷ್ಟೇ ಹೋಗೋದು."
ಟಾರ್ಚು ಹಿಡಿದು ಕಾರ್ಬ್ಯುರೇಟರಿನ ಗಂಟಲಿಗೆ ಇಣುಕಿದೆ:
ಬಿಲ್ಲೆ ಅರ್ಧ ತೆರೆದು ನಿಂತಿತ್ತು,
ನಿದ್ದೆಗಣ್ಣಿನ ರೆಪ್ಪೆಯ ಹಾಗೆ.

ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ.
ನಾನು ರಬ್ಬರ್ ಮ್ಯಾಟಿನಡಿ ಕೈಹಾಕಿ ಹಿಡಿದದ್ದು
ಕುರಿಯ ಹರಡಿನ ಮೂಳೆ, ಒಂದು ಚುಕೊ.
ಇಲ್ಲಿ ಮಕ್ಕಳೆಲ್ಲ ಆಡುವಂಥದ್ದೇ, ಕೆಂಪು ಬಳಿದದ್ದು,
ಪೆಡಲಿನ ಕೆಳಗೆ ತಾನಾಗಿ ಉರುಳಿ ಬಂದದ್ದಲ್ಲ,
ದಾರದಿಂದ ಕಟ್ಟಿದ್ದು. ಎರಡು ಗಂಟು.

ಮುಷ್ಟಿ ಮುಚ್ಚಿಕೊಂಡೆ.
ಅಜ್ಜ ಮುಖ ತೊಳೆಯಲು ಹೋದಾಗ ಕೇಳಿದೆ: ಯಾಕೆ?

"ಹತ್ತೋಕೆ ಆಗದಿದ್ದರೆ
ಇಳಿಯೋ ಹಾಗೂ ಇರಲ್ವಲ್ಲ," ಅಂದಳು.
ಆಮೇಲೆ ಬಲು ಸಣ್ಣಗೆ:
"ಇಳಿಯುವಾಗ ತಾತ ಎರಡೆರಡು ಸಲ ಬ್ರೇಕು ತುಳೀತಾರೆ.
ಹಾಡು ನಿಲ್ಲಿಸಿಬಿಡ್ತಾರೆ."

ಯಾರೂ ಕೇಳದಿದ್ದರೂ ಹಿಂದಿನ ಚಕ್ರ ಬಿಚ್ಚಿದೆ.
ಡ್ರಮ್ಮಿನೊಳಗೆ ಲೈನಿಂಗು ಸವೆದು
ರಿವೆಟ್ಟಿನ ತಲೆಗಳು ಹಲ್ಲು ಕಿಸಿದಿದ್ದವು.

ಬೆಳಿಗ್ಗೆಯಿಂದ ಹುಡುಕಿದ ರೋಗ ರೋಗವೇ ಅಲ್ಲ,
ಯಾವಳೋ ಪುಟ್ಟ ವೈದ್ಯೆ ಕೊಟ್ಟ ಮದ್ದು.

ಅಜ್ಜನಿಗೆ, ಕೆಸರು ಇತ್ತು ಅಂದೆ. ಸುಳ್ಳೇನಲ್ಲ, ಚಿಟಿಕೆ ಇತ್ತು.
ಬ್ರೇಕಿಗೆ ಮೂರು ದಿನ ಬೇಕು, ಇಲ್ಲೇ ಇರಿ ಅಂದೆ.
ಬೈದ. ಹುಲ್ಲು ಕಾಯುತ್ತಾ ಅಂದ. ಉಳಿದ.

ಚುಕೊ ಹಿಂದಿರುಗಿಸಲು ಹೋದರೆ ಅವಳು ತಲೆಯಾಡಿಸಿದಳು,
ಹೊಸ ಲೈನಿಂಗನ್ನು ಬೆರಳಲ್ಲಿ ತಟ್ಟಿ ನೋಡಿ,
ಇನ್ನೂ ನಂಬದೆ,
"ಘಟ್ಟ ಇಳಿದ ಮೇಲೆ ಕೊಡಿ," ಅಂದಳು.