ಕಂದು

ಕಂದು ಎಂದರೆ ಬಣ್ಣವೆಂದೇ ತಿಳಿದಿದ್ದೆ
ನೌಕರಿಗೆ ಸೇರುವ ತನಕ.
ಹಿಚ್ಕಡದ ಹಮ್ಮಣ್ಣ ನಾಯಕರು ದನದ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು
'ನಮ್ಮನೆ ಗೌರಿ ಕಂದು ಹಾಕ್ತು' ಅಂದಾಗ
ರಿಜಿಸ್ಟರಿನಲ್ಲಿ ಆಕಳ ಬಣ್ಣದ ಕಾಲಂ ತುಂಬಿದೆ.
ಅವರು ನಗಲಿಲ್ಲ.
ಏಳು ತಿಂಗಳ ಗಬ್ಬ. ಮೈಗೆ ಕೂದಲು ಮೂಡಿತ್ತಂತೆ,
ಒಂದು ಕಿವಿ ಮಡಚಿಕೊಂಡಿತ್ತಂತೆ.

ಆಮೇಲೆ ಹತ್ತೊಂಬತ್ತು ವರ್ಷ
ಬೀಳದ ಮಾಸು ಬಿಡಿಸಲು ಮೊಣಕೈ ದಾಟಿ ಕೈ ಹಾಕಿದೆ.
ಕೈಗವಸು ಮಾರ್ಚಿನಲ್ಲಿ ಬರುತ್ತಿದ್ದವು,
ಏಪ್ರಿಲಿನಲ್ಲಿ ಮುಗಿಯುತ್ತಿದ್ದವು.
ಕೊಬ್ಬರಿ ಎಣ್ಣೆ ಎಲ್ಲ ಮನೆಯಲ್ಲೂ ಇತ್ತು.
ಒಳಗೆ ಬಿಸಿ. ಆ ಕತ್ತಲೆಗೆ ಬೆರಳೇ ಕಣ್ಣು.

ಈ ವರ್ಷ ಕಾರವಾರದಿಂದ ಒಂದು ಕಟ್ಟು ಫಾರಂ ಬಂತು:
ಕಾಯಿಲೆ ಎಷ್ಟಿದೆ ಎಣಿಸಿ, ಏಕಿದೆ ಕೇಳಿ.
ಕೊಟ್ಟಿಗೆಯಲ್ಲಿ ಎಷ್ಟು ತಲೆ?
ಮನೆಯಲ್ಲಿ ಹುಟ್ಟಿದ್ದೋ, ಸಂತೆಯಲ್ಲಿ ಕೊಂಡಿದ್ದೋ?
ಹೋರಿ ಯಾರದ್ದು?
ಮಾಸು ಎಲ್ಲಿ ಹಾಕುತ್ತೀರಿ?

ಹಿಚ್ಕಡ, ಬೆಳಸೆ, ಶಿರಗುಂಜಿ.
ಚಪ್ಪಲಿಗೆ ಗಜನಿಯ ಕೆಸರು, ಹೆಗಲಿಗೆ ಐಸಿನ ಡಬ್ಬಿ.
ಬಸ್ಸಿನಲ್ಲಿ ಬಾಂಗಡೆ ಬುಟ್ಟಿಯವಳು ಕೇಳಿದಳು,
'ನಿಂದ್ ಯಾವ ಮೀನೋ?'

ಹೋರಿ ಯಾರದ್ದೆಂದರೆ ಊರೇ ಬೆರಳು ತೋರುತ್ತದೆ
ಗದ್ದೆಯಂಚಿಗೆ ಮೆಲುಕು ಹಾಕುವ ಒಬ್ಬನೇ ಒಬ್ಬನ ಕಡೆ.
ಎರಡು ಸಲ ಕಂದು ಹಾಕಿದ ದನ ಘಟ್ಟ ಹತ್ತಿ ಸಂತೆಗೆ ಹೋಗಿ
'ಎರಡನೇ ಸೂಲು, ಪಾಪದ್ದು' ಎಂಬ ಹೊಸ ಹೆಸರಲ್ಲಿ
ಇನ್ನೊಂದು ಕೊಟ್ಟಿಗೆಗೆ ಇಳಿಯುತ್ತದೆ.
ಮಾರಿದವನನ್ನು ಬಯ್ದು ಏನು?
ಕೊಂಡವನೂ ಮುಂದಿನ ವರ್ಷ ಅದನ್ನೇ ಮಾಡಿದ.

ಗಾಜಿನ ನಳಿಕೆಯಲ್ಲಿ ಹಾಲು, ಒಂದು ತೊಟ್ಟು ನೀಲಿ ಮದ್ದು.
ಒಂದು ತಾಸು ಕಾಯಬೇಕು.
ಒಳ್ಳೆಯ ಹಾಲು ಮೈಯೆಲ್ಲ ನೀಲಿ ಮಾಡಿಕೊಂಡು ಕೂರುತ್ತದೆ.
ರೋಗದ ಹಾಲು ಕೆಳಗೆ ಬೆಳ್ಳಗೆ, ಏನೂ ಅರಿಯದ ಹಾಗೆ ಉಳಿದು
ನೀಲಿಯನ್ನೆಲ್ಲ ಕೆನೆಗೆ ಬಳೆ ತೊಡಿಸುತ್ತದೆ.
ನೋಡಲು ಅದೇ ಚೆಂದ.

ಇಪ್ಪತ್ತೇಳು ನಳಿಕೆ, ಐದು ಬಳೆ.
'ಐದೇ' ಅಂದರು ಸಾಹೇಬರು.
ಐದೂ ಮನೆಯ ಚಹ ನಾನು ಕುಡಿದಿದ್ದೆ.
ಚಹವಾದರೆ ಕುದಿಯುತ್ತದೆ;
ಬುದ್ಯಿ ಗೌಡಳ ಮೊಮ್ಮಗನಿಗೆ ನೊರೆಹಾಲು,
ಕೆಚ್ಚಲಿಂದ ನೇರ ಲೋಟಕ್ಕೆ.

ಕೊನೆಯ ಪ್ರಶ್ನೆಗೆ ಬುದ್ಯಿ ಮೇಲೆ ನೋಡಿದಳು.
ಆಲದ ಕೊಂಬೆಯಲ್ಲಿ ಹುಲ್ಲು ಸುತ್ತಿದ ಗಂಟು.
ಕಾಗೆ ಕುಕ್ಕುತ್ತಿತ್ತು. ಕೆಳಗೆ ನಾಯಿ ಕಾಯುತ್ತಿತ್ತು.
'ಹಾಲ್ಮರಕ್ ಕಟ್ಟದೆ ಎಲ್ ಕಟ್ವದು ತಮಾ? ಹಾಲ್ ಬರ್ಬೇಕಲ.'
ಹೌದು, ಇಲ್ಲ ಎಂಬ ಎರಡು ಚೌಕದಲ್ಲಿ
ಅವಳ ಅಜ್ಜಿಯ ಅಜ್ಜಿ ಹಿಡಿಯಲಿಲ್ಲ.

ಅಂದೇ ನಾನೂ ನನ್ನ ರಕ್ತ ಕೊಟ್ಟೆ.
ನಾಲ್ಕು ತಿಂಗಳಿಂದ ಸಂಜೆಯಾದರೆ ಜ್ವರ,
ಮುರಿದಂಥ ಸೊಂಟ, ಬೆಳಿಗ್ಗೆ ಹಿಂಡಿದರೆ ನೀರಿಳಿಯುವ ದಿಂಬು.
ಮಲೇರಿಯಾ ಅಂದಿದ್ದರು, ಟೈಫಾಯಿಡ್ ಅಂದಿದ್ದರು,
ಹೆಂಡತಿ ವಯಸ್ಸು ಅಂದಿದ್ದಳು.
ಬಿಳಿ ಬಿಲ್ಲೆಯ ಮೇಲೆ ಗುಲಾಬಿ ಮದ್ದಿಗೆ ನನ್ನ ರಕ್ತದ ತಿಳಿ ಬೆರೆತು
ಗಳಿಗೆ ಸುಮ್ಮನಿದ್ದು
ಒಡೆದ ಹಾಲಿನಂತೆ ಕಾಳು ಕಾಳಾಯಿತು.
ಎಣಿಸುವವನ ಕಾಲಂ ಫಾರಮಿನಲ್ಲಿ ಇರಲಿಲ್ಲ.

ಗುಳಿಗೆ ಆರು ವಾರ. ಎರಡನೇ ವಾರದ ಬೆಳಗಿಗೆ
ಬುದ್ಯಿಯ ಕೆಂಪಿ ಕಂದು ಹಾಕಿತು.
ಹಾರೆ ಒಯ್ದೆ, ಅರ್ಧ ಚೀಲ ಚಿಪ್ಪಿ ಸುಣ್ಣ ಒಯ್ದೆ.
ಜಂಬಿಟ್ಟಿಗೆ ನೆಲ. ಎದೆಮಟ್ಟ ತೋಡುವಷ್ಟರಲ್ಲಿ ಇಬ್ಬರಿಗೂ ಏದುಸಿರು.
ಈ ಸಲ ಕೈಗವಸು ನನ್ನ ದುಡ್ಡಿನದು,
ಅವಳ ಬೆರಳ ತುದಿಗೆ ಜೋತಾಡುತ್ತಿತ್ತು.
ಇಳಿಸಿದೆವು.
ಬಣ್ಣ ನಿಜಕ್ಕೂ ಕಂದು.

ಸುಣ್ಣ, ಮಣ್ಣು, ಮತ್ತೆ ಸುಣ್ಣ.
ಒಳಗೆ ಮೊಮ್ಮಗನ ಹಾಲು ಒಲೆಯ ಮೇಲೆ ಉಕ್ಕಿ ಸೀದ ವಾಸನೆ.
ನನ್ನನ್ನು ಬಯ್ಯುತ್ತ ಓಡಿದಳು,
ಓಡಿದವಳು ತಿರುಗಿ ಬಂದು
ಆಲದ ಗೆಲ್ಲೊಂದು ಮುರಿದು ಹಸಿ ಮಣ್ಣಿಗೆ ಊರಿದಳು.
'ಮುಂದಿನ್ ಸಲ ಹಾಲಿಗೆ ದಾರಿ ಗೊತ್ತಾಗ್ಬೇಕಲ.'

ಮುರಿದ ತುದಿಯಲ್ಲಿ ಒಂದು ಬಿಳಿಯ ತೊಟ್ಟು ಮೂಡಿ ನಿಂತಿತು.
ಅಭ್ಯಾಸ ನೋಡಿ,
ಕಿಸೆಯ ನೀಲಿ ಬಾಟಲಿಗೆ ಕೈ ಹೋಯಿತು.